ಉಡಿಗೆ ಹಾಕಿದ ಕೂಸು

ತೇರದಾಳ,
ಶನಿವಾರ, ೧೭ ಆಗಸ್ಟ್ ೨೦೨೪

ಪೂಜ್ಯ ಆರ್ಯಿಕಾ ಸಮಾಹಿತಮತಿ ಮಾತಾಜಿಯವರಿಗೆ ತೇರದಾಳದಿಂದ ಅನಂತಪ್ಪನ ವಂದಾಮಿ.

ತಮ್ಮ ರತ್ನತ್ರಯ ಕುಶಲವಷ್ಟೇ? ಆಹಾರ ಅಂತರಾಯವಿಲ್ಲದೆ ಸಾಗುತ್ತಿದೆಯೇ? ಚಾತುರ್ಮಾಸ ಮುಗಿಯುವವರೆಗೆ ಪ್ರತಿ ಭಾನುವಾರ ಜನರನ್ನು ಜೀಪಿನಲ್ಲಿ ತುಂಬಿಕೊಂಡು ತಮ್ಮ ದರ್ಶನಕ್ಕೆ ಕರೆತರುವ ಬಸದಿ ಓಣಿಯ ಚಿದಾನಂದ ಹೋದ ವಾರ ಬಂದವನೇ ನಮ್ಮ ಕಟ್ಟೆಯ ಮೇಲೆ ಕುಳಿತು ಹೇಳಿದ: ಅನ್ನದಲ್ಲಿ ಕೂದಲು ಸಿಕ್ಕಿತೆಂದು ಮಾತಾಜಿ ಎರಡು ತುತ್ತಿಗೇ ಅಂಜಲಿ ಬಿಟ್ಟು ಎದ್ದರು, ಮರುದಿನದವರೆಗೆ ನೀರೂ ಇಲ್ಲ. ಅದನ್ನು ಕೇಳಿದ ಮೇಲೆ ಅವತ್ತು ನನಗೂ ಊಟ ಸೇರಲಿಲ್ಲ. ಇದು ಮೋಹ, ಇರಬಾರದು, ಗೊತ್ತು. ಮೊಣಕಾಲು ಹೇಗಿದೆ? ಬೇಸಿಗೆಯಲ್ಲಿ ಡಾಂಬರು ರಸ್ತೆಯ ಮೇಲೆ ಬರಿಗಾಲಲ್ಲಿ ಅಷ್ಟು ದೂರ ನಡೆದಿರಿ, ಹಿಮ್ಮಡಿ ಒಡೆದದ್ದು ಮಾಯ್ದಿದೆಯೇ? ಕೇಶಲೋಚವೂ ಆಯಿತಂತೆ. ಚಿಕ್ಕವಳಿದ್ದಾಗ ನಿಮ್ಮವ್ವ ಹಣಿಗೆ ಕೈಗೆತ್ತಿಕೊಂಡರೆ ಸಾಕು, ಓಣಿಗೆಲ್ಲ ಕೇಳುವಂತೆ ಅಳುತ್ತಿದ್ದಿ. ಅದೇ ತಲೆಯ ಕೂದಲನ್ನು ನೀನೇ ಕೈಯಾರೆ ಕಿತ್ತುಕೊಂಡು ಸುಮ್ಮನೆ ಕುಳಿತಿದ್ದಿ ಎಂದು ಕೇಳಿದರೆ ನಂಬುವುದು ಹೇಗೆ? ನೋಡಿ, ಮತ್ತೆ 'ನೀನು' ಬಂತು. ದೀಕ್ಷೆಯಾಗಿ ಎರಡು ವರ್ಷವಾಗುತ್ತ ಬಂತು. ಎದುರಿಗೆ ನಿಂತಾಗ ಬಾಯಿಗೆ 'ನೀವು' ಬರುತ್ತದೆ, ಪೆನ್ನಿಗೆ ಬರುವುದಿಲ್ಲ. ಇನ್ನು ತಿದ್ದುತ್ತ ಕುಳಿತರೆ ಪತ್ರ ಮುಗಿಯುವುದಿಲ್ಲ, ಹಾಗೇ ಬರೆಯುತ್ತೇನೆ.

ನಾನು ಆರಾಮಾಗಿದ್ದೇನೆ. ಬಿ.ಪಿ. ಗುಳಿಗೆ ತಪ್ಪಿಸಿಲ್ಲ. ಹೊತ್ತು ಮುಳುಗುವುದಕ್ಕೆ ಮುಂಚೆ ಒಂದು ರೊಟ್ಟಿ ಬಡಿದುಕೊಳ್ಳುತ್ತೇನೆ. ಅದು ದುಂಡಗೆ ಬರುವುದಿಲ್ಲ, ಒಮ್ಮೊಮ್ಮೆ ಮಹಾರಾಷ್ಟ್ರದ ನಕಾಶೆಯಂತೆ, ಒಮ್ಮೊಮ್ಮೆ ನಮ್ಮ ತಾಲೂಕಿನಂತೆ ಆಗುತ್ತದೆ, ಹೊಟ್ಟೆಗೆ ಹೋದ ಮೇಲೆ ಎಲ್ಲ ಒಂದೇ. ಮಳೆ ಅಷ್ಟಕ್ಕಷ್ಟೆ, ಆದರೆ ಮೇಲಿನ ನೀರು ಬಂದು ಹಿಪ್ಪರಗಿ ಬ್ಯಾರೇಜಿನ ಗೇಟು ಎತ್ತಿದ್ದಾರೆ, ಹೊಳೆ ದಂಡೆಯ ಕಬ್ಬಿನವರಿಗೆ ಜೀವ ಕೈಯಲ್ಲಿದೆ. ಹಿಂದೆ ಒಮ್ಮೆ ನಾನು ಇಂಥ ಸುದ್ದಿಗಳನ್ನೆಲ್ಲ ಬರೆದು ಕಳಿಸಿದಾಗ, ಹಿರಿಯ ಮಾತಾಜಿಯವರು ಚಿದಾನಂದನ ಕೈಲಿ ಹೇಳಿ ಕಳಿಸಿದ್ದರು, ಸಂಸಾರದ ಸುದ್ದಿ ಬೇಡ, ಸಾಧನೆಗೆ ಅಡ್ಡಿ ಎಂದು. ಅವತ್ತಿನಿಂದ ನಾನು ಬರೆದಿರಲಿಲ್ಲ. ಇವತ್ತು ಬರೆಯುತ್ತಿರುವುದು ಹಾಗೆ ನೋಡಿದರೆ ನಮ್ಮ ಸಂಸಾರದ ಸುದ್ದಿಯಲ್ಲ. ನಮ್ಮ ಕಾಲೇಜಿನಲ್ಲಿ ಇಂಗ್ಲಿಷ್ ಪತ್ರ ಬರೆಯುವುದನ್ನು ಕಲಿಸುವಾಗ ಮೊದಲ ಸಾಲಿಗೇ 'ಐ ಬೆಗ್ ಟು ಸ್ಟೇಟ್' ಎಂದು ಬರೆಸುತ್ತಿದ್ದರು. ನೇಕಾರ ಸೊಸೈಟಿಯಲ್ಲಿ ಕ್ಲಾರ್ಕ್ ಆಗಿ ಜೀವನವೆಲ್ಲ ಹಾಗೇ ಬರೆದೆ, ಬೇಡುವುದಕ್ಕೂ ಹೇಳುವುದಕ್ಕೂ ಏನು ಸಂಬಂಧ ಎಂದು ಒಮ್ಮೆಯೂ ಯೋಚಿಸಲಿಲ್ಲ. ಈಗ ತಿಳಿಯುತ್ತಿದೆ. ಸರಿತಾಳ ವಿಷಯ ಹೇಳಬೇಕಾಗಿದೆ.

ನಿನಗೆ ಗೊತ್ತಿರುವುದನ್ನೂ ಸೇರಿಸಿ ಬರೆಯುತ್ತೇನೆ. ಹಿರಿಯ ಮಾತಾಜಿಯವರ ಕಣ್ಣಿಗೆ ಬಿದ್ದರೆ ಅವರಿಗೂ ತಿಳಿಯಲಿ, ಅವರು ಬೇರೆ ಸೀಮೆಯವರು, ನಮ್ಮ ಓಣಿಯ ಪದ್ಧತಿ ಅವರಿಗೆ ಗೊತ್ತಿರಲಿಕ್ಕಿಲ್ಲ. ಎದುರು ಮನೆಯ ಹಣಮಪ್ಪನಿಗೆ, ಅದೇ ಪವರ್‌ಲೂಮಿನ ಹಣಮಪ್ಪ, ಮೊದಲಿನ ಎರಡು ಕೂಸು ತೊಟ್ಟಿಲಲ್ಲೇ ಹೋದವು. ಮೂರನೆಯದು ಹೆಣ್ಣು ಹುಟ್ಟಿತು. ಅವನ ತಾಯಿ ಕರೆವ್ವ ಕೂಸಿನ ಕಿವಿಗೆ ಗಾಳಿ ಸೋಕದಂತೆ ಸುತ್ತಿಕೊಂಡು ನೇರವಾಗಿ ನಮ್ಮ ಮನೆಗೆ ಬಂದಳು. ನಿಮ್ಮವ್ವ ಪಡಸಾಲೆಯಲ್ಲಿ ಸೆರಗು ಹರವಿ ಉಡಿ ಮಾಡಿ ಕುಳಿತಳು. ಕರೆವ್ವ ಮೊದಲು ಒಂದು ಹಿಡಿ ಜೋಳ, ಆಮೇಲೆ ಕೂಸು, ಎರಡನ್ನೂ ಆ ಉಡಿಯಲ್ಲಿ ಹಾಕಿ, "ಚಂಪಕ್ಕ, ನಮ್ಮನಿಯಾಗ ಕೂಸ ಇಲ್ಲ, ಇದು ನಿಂದು" ಅಂದಳು. ನಿಮ್ಮವ್ವ, "ಹೂಂ, ನಂದು. ನಿಮ್ಮನಿಯಾಗ ಬೆಳೀಲಿ" ಎಂದು ತಿರುಗಿ ಕೊಟ್ಟಳು. ಅಷ್ಟೇ ಶಾಸ್ತ್ರ. ಸಾವು ಆ ಮನೆಯ ಕೂಸನ್ನು ಹುಡುಕಿಕೊಂಡು ಬಂದರೆ, ಅಲ್ಲಿ ಅವರ ಕೂಸೇ ಇಲ್ಲ, ಇರುವುದು ಪರರ ಕೂಸು. ಸಾವಿಗೂ ನಾಚಿಕೆ ಇರುತ್ತದೆ, ಬಾಗಿಲಿಂದಲೇ ಹೋಗುತ್ತದೆ ಎಂಬುದು ನಮ್ಮ ಹೆಂಗಸರ ಲೆಕ್ಕಾಚಾರ. ಕಾಲೇಜು ಕಲಿತ ನಾನು ಅವತ್ತು ಒಳಗೊಳಗೇ ನಕ್ಕಿದ್ದೆ. ಕೂಸು ಮಾತ್ರ ಬದುಕಿತು.

ನಾನು ನಗುವುದನ್ನು ನಿಲ್ಲಿಸಿದ್ದು ಆಮೇಲೆ, ಈ ಪದ್ಧತಿ ಸಾವಿಗಿಂತ ಹೆಚ್ಚಾಗಿ ಬದುಕಿರುವವರಿಂದ ಕೂಸನ್ನು ಕಾಯುತ್ತದೆ ಎಂದು ಕಂಡಾಗ. ಉಡಿಗೆ ಹಾಕಿದ ಕೂಸಿನ ಜವಳ ತೆಗೆಯಲಿ, ಕಿವಿ ಚುಚ್ಚಲಿ, ಸಾಲೆಗೆ ಹಚ್ಚಲಿ, ಬಿಡಿಸಲಿ, ಮದುವೆ ಮಾಡಲಿ, ಉಡಿಯವ್ವನನ್ನು ಕೇಳಬೇಕು. ಅವಳು ಹೂಂ ಅನ್ನಬೇಕು. ಅನ್ನದಿದ್ದರೆ ಆ ಮಾತು ಅಲ್ಲಿಗೇ ನಿಂತಂತೆ. ಒಮ್ಮೆ ಹಣಮಪ್ಪ ಕುಡಿದು ಬಂದು ಕೂಸಿನ ಮೇಲೆ ಕೈ ಎತ್ತಿದಾಗ ನಿಮ್ಮವ್ವ ಅವನ ಹೊಸ್ತಿಲಲ್ಲಿ ನಿಂತು, "ಹಣಮಪ್ಪ, ಮಂದೀ ಕೂಸಿಗೆ ಹೊಡ್ಯಾಕ ಯಾರನ್ನ ಕೇಳಿದ್ಯೋ?" ಅಂದಳು. ಆರಡಿ ಆಳು, ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ತಲೆ ಕೆರೆದುಕೊಂಡ. ಇನ್ನೊಮ್ಮೆ ಇಚಲಕರಂಜಿಯಲ್ಲಿರುವ ಬೀಗರ ಮನೆಯಲ್ಲಿ ಕೂಸು ಎತ್ತಿಕೊಳ್ಳುವುದಕ್ಕೆ ಹುಡುಗಿ ಬೇಕಂತೆ, ಸರಿತಾಳನ್ನು ಕಳಿಸುತ್ತೇನೆ ಎಂದು ಕೇಳಲು ಬಂದ. ನಿಮ್ಮವ್ವ ಇಲ್ಲ ಎನ್ನಲಿಲ್ಲ, ಹೂಂ ಎನ್ನಲಿಲ್ಲ, ಅಕ್ಕಿ ಆರಿಸುತ್ತ ಕುಳಿತಳು. ಅವನೂ ಕುಳಿತ. ಚಹಾ ಕುಡಿದ, ಮಳೆ ಬೆಳೆ ಮಾತಾಡಿದ, ಹೊತ್ತು ಇಳಿದ ಮೇಲೆ ಎದ್ದು ಹೋದ. ಹುಡುಗಿ ಮರುದಿನ ಪಾಟಿಚೀಲ ಹಾಕಿಕೊಂಡು ಸಾಲೆಗೆ ಹೋಯಿತು. ನಾನು ಸೊಸೈಟಿಯಲ್ಲಿ ಎಷ್ಟೋ ಠರಾವು ಬರೆದಿದ್ದೇನೆ, ಇಂಥದೊಂದು ಬರೆದಿಲ್ಲ.

ಹೊಳೆಗೆ ಮಹಾಪೂರ ಬಂದ ವರ್ಷ ನಿಮ್ಮವ್ವ ಹಾಸಿಗೆ ಹಿಡಿದಾಗ ಆ ಒಂದನ್ನು ಮಾತ್ರ ಮರೆಯಲಿಲ್ಲ. ಸರಿತಾಳನ್ನು ಕರೆಸಿ, ನಿನ್ನ ಉಡಿಯಲ್ಲಿ ಜೋಳ ಹಾಕಿ, "ಇನ್ನ ಇಕಿ ನಿನ್ನ ಉಡಿಯಾಕಿ" ಅಂದಳು. ನೀನು ಹೂಂ ಅಂದಿ. ಉಡಿ ಹಾಗೇ ದಾಟಬೇಕು, ಹೆಂಗಸಿನ ಉಡಿಯಿಂದ ಹೆಂಗಸಿನ ಉಡಿಗೆ, ಕೊಡುವವಳ ಬಾಯಿಂದಲೇ. ಆಮೇಲೆ ನೀನು ಸಾಲೆಯಲ್ಲಿ ಪಾಠ ಹೇಳಿ ಬರುವ ಹೊತ್ತಿಗೆ ಅವಳು ಕಟ್ಟೆಯ ಮೇಲೆ ಕಾಯುವುದು, ಹೊತ್ತು ಮುಳುಗುವ ಮುಂಚೆ ನಿನ್ನ ಜೊತೆ ಉಣ್ಣುವುದು, ಮನೆಗೆ ಹೋಗಿ ರಾತ್ರಿ ಊಟ ಒಲ್ಲೆನೆನ್ನುವುದು, ಅವರವ್ವ ಅನಸವ್ವ ಓಣಿಗೆ ಕೇಳುವಂತೆ, "ಏನ್ ಬೇ, ಉಪಾಸ ಮಾಡಿ ನೀನೂ ಸ್ವಾಮಿ ಆಗಾಕೀ ಏನ?" ಎಂದು ಬೈಯುವುದು, ಇವೆಲ್ಲ ನಿನಗೆ ನೆನಪಿರಬೇಕು. ನೆನಪಿರಬಾರದೋ ಏನೋ.

ತಪ್ಪಾದದ್ದು ನಿನ್ನ ದೀಕ್ಷೆಯ ದಿನ. ಯಾರದೆಂದು ಹೇಳುವುದು? ನೀನು ಇದ್ದದ್ದನ್ನೆಲ್ಲ ಕೊಟ್ಟಿ. ಸೀರೆಗಳನ್ನು ಕೊಟ್ಟಿ, ಕೈಗಡಿಯಾರ ಕೊಟ್ಟಿ, ಪುಸ್ತಕದ ಕಪಾಟು ಸಾಲೆಗೆ ಕೊಟ್ಟಿ, ನಿಮ್ಮವ್ವನ ಬಂಗಾರದ ಬಿಲ್ವಾರ ಬಳೆ ಬಸದಿಗೆ ಕೊಟ್ಟಿ. ನಿನಗೆ ಉಡಿ ತುಂಬುವುದಕ್ಕೆ ಊರ ಹೆಂಗಸರೆಲ್ಲ ಬಂದಿದ್ದರು, ಸರಿತಾ ಆರತಿ ತಟ್ಟೆ ಹಿಡಿದು ನಿನ್ನ ಪಕ್ಕದಲ್ಲೇ ನಿಂತಿದ್ದಳು, ಹೊಸ ಲಂಗ ಹಾಕಿಕೊಂಡು, ನಿನಗಿಂತ ಅವಳಿಗೇ ಸಂಭ್ರಮ ಹೆಚ್ಚು. ಆ ಉಡಿಯಲ್ಲಿ ಅವಳೂ ಇದ್ದಾಳೆ, ಅವಳನ್ನು ಯಾರ ಉಡಿಗೆ ದಾಟಿಸಬೇಕು ಎಂದು ಒಬ್ಬರಿಗೂ ಹೊಳೆಯಲಿಲ್ಲ. ಕರೆವ್ವ ಆಮೇಲೆ ಹೇಳಿದಳು, ಅವಳಿಗೆ ಹೊಳೆದಿತ್ತಂತೆ. ಆದರೆ ಬಿಟ್ಟು ಹೋಗುವವರ ಬಳಿ ಬಾಯಿಬಿಟ್ಟು ಕೇಳುವುದು ಹೇಗೆ, ಅವರ ಮನೆಯವರು ಮಾಡಿಯಾರು ಎಂದು ಸುಮ್ಮನಾದಳು. ನಾವು, ಅವರದೇ ಪದ್ಧತಿ, ಬೇಕಾದರೆ ಅವರೇ ಕೇಳಿಯಾರು ಎನ್ನುವಷ್ಟೂ ಯೋಚಿಸಲಿಲ್ಲ. ಮೆರವಣಿಗೆ ಹೊರಟಿತು. ಕ್ಷಮಾ ಆಗಿ ಹೋದ ನೀನು ಒಂದೇ ಬಿಳಿ ಸೀರೆಯಲ್ಲಿ ಬೇರೆ ಯಾರೋ ಆಗಿ ಬಂದಿ. ಹುಡುಗಿ ಯಾರ ಉಡಿಯಲ್ಲೂ ಇಲ್ಲದೆ ಉಳಿಯಿತು, ಅದು ಇಷ್ಟು ದಿನ ಯಾರಿಗೂ ಬೇಕಾಗಿರಲಿಲ್ಲ.

ಈಗ ಬೇಕಾಗಿದೆ. ಬರುವ ಶುಕ್ರವಾರ ಸರಿತಾಳ ಸಕ್ಕರೆಪುಡೆ. ನಿಶ್ಚಿತಾರ್ಥ ಎಂದು ದೊಡ್ಡ ಹೆಸರು ಇಟ್ಟಿಲ್ಲ, ಬಾಯಿಗೆ ಸಕ್ಕರೆ ಹಾಕುವುದು ಅಷ್ಟೇ ಅನ್ನುತ್ತಾರೆ. ಅವಳಿಗೆ ಫೋರ್ಟೀನ್ ರನ್ನಿಂಗ್, ಒಂಬತ್ತನೇ ಇಯತ್ತೆ. ಹುಡುಗ ಅನಸವ್ವನ ತಮ್ಮ ಅಜಯ, ಹಿಪ್ಪರಗಿಯವನು, ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಾನೆ, ವಯಸ್ಸು ಇಪ್ಪತ್ತಾರು ದಾಟಿದೆ. ಸಕ್ಕರೆ ತಿಂದ ಮೇಲೆ ಹುಡುಗಿ ಅವರ ಮನೆಯವಳು. ಅಲ್ಲೇ ಇರುತ್ತಾಳೆ, ಸಾಲೆ ಮುಗಿಯಿತು, ಅಕ್ಷತೆ ಯಾವತ್ತೋ ಯಾವುದೋ ತೋಟದ ಗುಡಿಯಲ್ಲಿ ಸದ್ದಿಲ್ಲದೆ ಬೀಳುತ್ತದೆ. ಅವರು ಕೆಟ್ಟವರೆಂದು ನಾನು ಬರೆಯುತ್ತಿಲ್ಲ. ಹೋದ ವರ್ಷ ಹಿಂದಿನ ಓಣಿಯ ಹುಡುಗಿಯೊಂದು ಮೊಬೈಲಿನಲ್ಲಿ ಪರಿಚಯವಾದ ಯಾರದೋ ಹಿಂದೆ ಹೋದದ್ದು ಇನ್ನೂ ಸಿಕ್ಕಿಲ್ಲ. ಅವತ್ತಿನಿಂದ ಅನಸವ್ವನಿಗೆ ನಿದ್ದೆಯಿಲ್ಲ. ಗಂಡ ಹೆಂಡತಿ ಇಬ್ಬರೂ ಮಗ್ಗದ ಪಾಳಿಗೆ ಹೋಗುತ್ತಾರೆ, ಹುಡುಗಿ ಸಾಲೆ ಬಿಟ್ಟು ಬಂದರೆ ಮನೆಯಲ್ಲಿ ಒಬ್ಬಳೇ. ಮೊದಲಾದರೆ ಕಟ್ಟೆಗೊಬ್ಬ ಮುದುಕಿ ಕಂಡಿಕೆಗೆ ನೂಲು ಸುತ್ತುತ್ತ ಕುಳಿತಿರುತ್ತಿದ್ದಳು, ಯಾರ ಕೂಸೇ ದಾಟಲಿ, "ಯಾರ ಪೈಕಿ, ಎತ್ತಾಗ ಹೊಂಟಿ?" ಎಂದು ಕೇಳದೆ ಬಿಡುತ್ತಿರಲಿಲ್ಲ, ಹೊರಗಿನವನು ಓಣಿ ದಾಟುವುದರೊಳಗೆ ತನ್ನ ಮನೆತನದ ಸುದ್ದಿಯೆಲ್ಲ ಹೇಳಿ ಮುಗಿಸಿರುತ್ತಿದ್ದ. ಈಗ ಆ ಮುದುಕಿಯರು ಗೋಡೆಯ ಮೇಲಿನ ಫೋಟೋ ಆಗಿದ್ದಾರೆ, ಮನೆ ಮನೆಯಲ್ಲಿ ಪವರ್‌ಲೂಮು ಖಟಖಟ ಎನ್ನುವಾಗ ಪಕ್ಕದ ಮನೆಯಲ್ಲಿ ಕೂಸು ಅತ್ತರೂ ಕೇಳುವುದಿಲ್ಲ. ಅನಸವ್ವ ನನ್ನೆದುರಿಗೇ ಅಂದಳು: "ಕಾಕಾ, ನನ್ನ ತಮ್ಮನ ಕೈಯಾಗ ಕೊಟ್ಟರ ನಾ ಕಣ್ಣ ಮುಚ್ಚೇನಿ. ಹೊರಗಿನಾಂವ ನುಂಗೂದಕಿಂತ ಮನಿಯಾಂವ ಛಲೋ ಅಲ್ಲೇನ್ರಿ?" ಅವಳೂ ಕೂಸನ್ನು ಕಾಯುತ್ತಿದ್ದೇನೆಂದೇ ತಿಳಿದಿದ್ದಾಳೆ.

ಹೋದ ವಾರ ಸರಿತಾ ನಮ್ಮ ಕಟ್ಟೆಗೆ ಬಂದು ಕುಳಿತಳು. ನಾನು ರೊಟ್ಟಿ ಕೊಟ್ಟೆ, ಅದರ ಆಕಾರ ನೋಡಿ ನಗಲೂ ಇಲ್ಲ. ಆಮೇಲೆ ಕೇಳಿದಳು, "ಮುತ್ಯಾ, ನಾ ಈಗ ಯಾರ ಉಡಿಯಾಗ ಅದೀನಿ?" ನಾನು ಮಾವ ಒಳ್ಳೆಯವನಲ್ಲವೇನವ್ವ ಎಂದೆ, ಇನ್ನೇನೂ ಹೊಳೆಯದೆ. "ಮಾವ ಛಲೋನ ಅದಾನ ಮುತ್ಯಾ. ನನ್ನ ಹೆಗಲ ಮ್ಯಾಲ ಕುಂಡರ್ಸ್ಕೊಂಡ ತಿರುಗ್ಯಾನ. ಅದಕ್ಕ ಒಲ್ಲೆ ಅನಸತೈತಿ" ಅಂದಳು. ಅದಕ್ಕಿಂತ ಸರಿಯಾಗಿ ಹೇಳಲು ನನಗೆ ಕನ್ನಡದಲ್ಲೂ ಬರುವುದಿಲ್ಲ, ಇಂಗ್ಲಿಷಿನಲ್ಲೂ ಬರುವುದಿಲ್ಲ.

ನಾನು ಸುಮ್ಮನೆ ಕೂಡಲಿಲ್ಲ, ಅದನ್ನಾದರೂ ನಂಬು. ಮೊದಲು ಹಣಮಪ್ಪನ ಮನೆಗೆ ಹೋದೆ. ಉಡಿಗೆ ಹಾಕಿದ ಕೂಸು, ಕೇಳದೆ ಹೇಗೆ ಕೊಡುತ್ತೀರಿ ಎಂದೆ. ಅವನು, "ಯಾರನ್ನ ಕೇಳೂದ್ರಿ ಕಾಕಾ? ಚಂಪಕ್ಕ ಹ್ವಾದ್ಳು. ಕ್ಷಮಾಕ್ಕ ದೇವರಾದ್ಳು. ಉಡಿ ಏನ ನಿಮ್ಮ ಧೋತರದಾಗ ಐತೇನು?" ಅಂದ. ಕಟ್ಟೆಯ ಮೇಲಿದ್ದವರು ನಕ್ಕರು. ನನಗೆ ಆ ನಗೆಗೋ ಏನೋ ತಲೆ ಕೆಟ್ಟಿತು. ಹೆಗಲ ಮೇಲಿನ ವಸ್ತ್ರವನ್ನು ತೆಗೆದು ಎರಡೂ ಕೈಯಲ್ಲಿ ಹಿಡಿದು, ನಡುಓಣಿಯಲ್ಲಿ, ಕರೆವ್ವನ ಮುಂದೆ ಹರವಿದೆ. ಹಾಕು, ನಾನು ಹಿಡಿಯುತ್ತೇನೆ ಎಂದೆ. ಆ ಹೊತ್ತಿಗೆ ನಗು ನಿಂತಿತು. ಕರೆವ್ವ ನನ್ನ ಕೈ ಮುಟ್ಟಿ ಕೆಳಗಿಳಿಸಿದಳು. "ಬ್ಯಾಡ್ರಿ ಅಣ್ಣಾರ. ಅದು ಹಂಗ ಆಗೂದಿಲ್ಲರಿ. ಹಡಿಯೂ ಹೆಣ್ಣ ಜಾತಿ ಹಿಡೀಬೇಕ್ರಿ ಅದನ್ನ. ಕೊಡಾಕಿ ಬಾಯಿಲೆ ಕೊಡಬೇಕ್ರಿ" ಎಂದು ಮಗುವಿಗೆ ಹೇಳುವಂತೆ ಹೇಳಿದಳು. ವಸ್ತ್ರ ಮಡಚಿ ಹೆಗಲಿಗೆ ಹಾಕಿಕೊಂಡು ಮನೆಗೆ ಬಂದೆ. ಜಮಖಂಡಿಯಲ್ಲಿ ಬಿ.ಎ. ಎರಡನೇ ವರ್ಷದಲ್ಲಿ ನಮಗೆ ಒಬ್ಬ ಸರ್ ಪಾಠ ಮಾಡುವಾಗ ಒಂದು ಶಬ್ದ ಹೇಳುತ್ತಿದ್ದರು, ಲೋಕಸ್ ಸ್ಟ್ಯಾಂಡಿಂಗ್ ಎಂದೋ ಏನೋ, ಕೋರ್ಟಿನಲ್ಲಿ ಕೇಳುವವನಿಗೆ ಮೊದಲು ನಿಲ್ಲುವುದಕ್ಕೆ ಜಾಗ ಇರಬೇಕಂತೆ. ಪರೀಕ್ಷೆಗೆ ಬರಲಿಲ್ಲ, ಹಾಗಾಗಿ ಪೂರ್ತಿ ಕಲಿಯಲಿಲ್ಲ. ಆ ದಿನ ನಡುಓಣಿಯಲ್ಲಿ ಅದರ ಅರ್ಥ ತಿಳಿಯಿತು.

ಆಮೇಲೆ ಸಾಲೆಯ ಗೋಡೆಯ ಮೇಲೆ ಬರೆದಿರುವ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದೆ. ನಾನು ಮಾಡುತ್ತೇನೆಂದು ನಾನೇ ಎಣಿಸಿರಲಿಲ್ಲ, ಎದುರು ಮನೆಯವರು, ನಿಮ್ಮವ್ವನ ಹೆಣಕ್ಕೆ ಹೆಗಲು ಕೊಟ್ಟವರು. ಬಂದವರು ಒಳ್ಳೆಯ ಹುಡುಗಿಯರು, ಸಮಾಧಾನದಿಂದ ಮಾತಾಡಿದರು. ಹಣಮಪ್ಪ ಮದುವೆ ಇಲ್ಲವೇ ಇಲ್ಲ ಎಂದ, ಹದಿನೆಂಟು ತುಂಬುವವರೆಗೆ ಮಾಡುವುದಿಲ್ಲ ಎಂದು ಬರೆದು ಸಹಿ ಹಾಕಿದ. ಮಾವನ ಮನೆಗೆ ಹುಡುಗಿ ಹೋಗಿ ಬಂದು ಮಾಡುವುದಕ್ಕೆ ಯಾರ ತಕರಾರು, ಸಕ್ಕರೆ ತಿನ್ನುವುದಕ್ಕೆ ಯಾರ ತಕರಾರು ಎಂದು ಅವರನ್ನೇ ಕೇಳಿದ. ಅವರು ಕಣ್ಣಿಡುತ್ತೇವೆ ಎಂದು ಹೇಳಿ, ಸರಿತಾಳಿಗೆ ನಂಬರ್ ಬರೆದುಕೊಟ್ಟು ಹೋದರು. ಹುಡುಗಿಯ ಕೈಯಲ್ಲಿ ಫೋನ್ ಎಲ್ಲಿದೆ? ಯಾರು ಕರೆಸಿದ್ದೆಂದು ಓಣಿಗೆಲ್ಲ ಗೊತ್ತಾಯಿತು. ಮರುದಿನದಿಂದ ಅವಳನ್ನು ಸಾಲೆಗೂ ಬಿಡುತ್ತಿಲ್ಲ, ನಮ್ಮ ಕಟ್ಟೆಗೂ ಬಿಡುತ್ತಿಲ್ಲ. ಗಂಡಸೊಬ್ಬನೇ ಇರುವ ಮನೆಗೆ ಬೆಳೆದ ಹುಡುಗಿ ಹೋಗುವುದೇನು ಎಂದು ಅನಸವ್ವ ಕೂಗಿ ಹೇಳಿದಳು. ನಾನು, ಕ್ಷಮಾ, ಎಪ್ಪತ್ತು ದಾಟಿದವನು, ಆ ಹುಡುಗಿಯ ಮೂಗು ಒರೆಸಿದವನು. ಒಳಗೆ ಹೋಗಿ ಕದ ಮುಚ್ಚಿಕೊಂಡೆ.

ಮಹಾಲಿಂಗಪುರಕ್ಕೆ ಗುಳಿಗೆ ತರಲು ಹೋದಾಗ ಬಸ್ ಸ್ಟ್ಯಾಂಡಿನಲ್ಲಿ ಅಜಯ ಸಿಕ್ಕ. ನಾನೇ ಮಾತಾಡಿಸಿದೆ. ಬೇಡ ಎನ್ನು, ನೀನು ಗಂಡಸು, ನಿನ್ನ ಮಾತು ನಡೆಯುತ್ತದೆ ಎಂದೆ. ಅವನು ಗಾಡಿಯ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ ನಿಂತ. "ಕಾಕಾರ, ನನಗೂ ಅದು ಕೂಸ ಅನಸತೈತ್ರಿ. ಆದ್ರ ಅಕ್ಕ ನನ್ನ ಸಾಕ್ಯಾಳ್ರಿ. ನಾ ಒಲ್ಲೆ ಅಂದ್ರ ಆಕಿ ಬ್ಯಾರೇದಾಂವಗ ಕೊಡತಾಳು. ಅಂವಾ ಎಂಥಾಂವ ಇರತಾನೊ" ಅಂದ. ಕಣ್ಣಲ್ಲಿ ನೀರಿತ್ತು. ನನಗೆ ಬೈಯಲೂ ಆಗಲಿಲ್ಲ. ಎಲ್ಲರೂ ಕಾಯುವವರೇ. ಇಷ್ಟು ಜನ ಕಾಯುವವರ ನಡುವೆ ಆ ಹುಡುಗಿಗೆ ಒಂದು ಪ್ರಶ್ನೆ ಕೇಳುವವರಿಲ್ಲ.

ಕೊನೆಗೆ ಮೊನ್ನೆ ಗುರುವಾರ ಕರೆವ್ವನನ್ನು ಬಸದಿಯ ಮುಂದೆ ತಡೆದು, ಸಿಟ್ಟಿನಲ್ಲೇ ಹೇಳಿದೆ: ನಿನ್ನ ಕೈಯಾರೆ ಉಡಿಗೆ ಹಾಕಿದ ಕೂಸು, ಉಡಿಯವ್ವನನ್ನು ಕೇಳದೆ ಸಕ್ಕರೆ ತಿನ್ನಿಸಿದರೆ ಆ ಜೋಳದ ಋಣ ನಿನ್ನ ತಲೆಗೆ. ಅವಳ ಮುಖ ಬಾಡಿತು, ಅದು ಅವಳಿಗೆ ನಾಟಿತು ಎಂದು ನನಗೆ ಗೊತ್ತಾಯಿತು. ಹಣಮಪ್ಪ ಯಾವುದಕ್ಕೂ ಹೆದರಲಿಕ್ಕಿಲ್ಲ, ತಾಯಿಗೆ ಹೆದರುತ್ತಾನೆ. ಅದೊಂದೇ ಈಗ ನನಗಿರುವ ಆಸೆ, ಆಸೆ ಎನ್ನಲೂ ಅಂಜಿಕೆ.

ನಿನ್ನನ್ನು ಏನು ಕೇಳಲಿ? ನಿನ್ನ ಬಳಿ ನವಿಲುಗರಿಯ ಪಿಂಛಿ ಇದೆ, ಕಮಂಡಲ ಇದೆ, ಉಟ್ಟ ಸೀರೆ ಇದೆ. ಕೊಡುವುದಕ್ಕೆ ಏನೂ ಇಲ್ಲ. ನನ್ನ ಮಗಳು ಎನ್ನುವುದನ್ನೂ ನಾನೇ ಅವತ್ತು ಸಭೆಯಲ್ಲಿ ನಿಂತು ಬಿಟ್ಟುಕೊಟ್ಟಿದ್ದೇನೆ, ಒಪ್ಪಿಗೆ ಇದೆಯೇ ಎಂದು ದೀಕ್ಷೆ ಕೊಟ್ಟ ಮಹಾರಾಜರು ಕೇಳಿದಾಗ ಇದೆ ಎಂದಿದ್ದೇನೆ. ಪರಿಗ್ರಹವೆಲ್ಲ ಬಿಡಬೇಕು, ಸರಿ. ಆ ಹುಡುಗಿ ಪರಿಗ್ರಹದಲ್ಲಿ ಬರುತ್ತದೋ, ಅಹಿಂಸೆಯಲ್ಲಿ ಬರುತ್ತದೋ, ನನಗೆ ತಿಳಿಯದು. ಶಾಸ್ತ್ರ ಓದಿದವಳು ನೀನು. ಉತ್ತರ ಬರೆಯಬೇಕೆಂದಿಲ್ಲ. ಸಾಮಾಯಿಕ ಧ್ಯಾನಕ್ಕೆ ಕುಳಿತಾಗ ಎಲ್ಲ ಜೀವಗಳ ಹಿತ ಎಣಿಸುತ್ತೀಯಲ್ಲ, ಅವುಗಳಲ್ಲಿ ಇದನ್ನೂ ಒಂದು ಸಲ ಹೆಸರು ಹಿಡಿದು ಎಣಿಸು.

ಹಿರಿಯ ಮಾತಾಜಿಯವರಿಗೆ ಮತ್ತು ಸಂಘದಲ್ಲಿರುವ ಎಲ್ಲರಿಗೂ ನನ್ನ ವಂದನೆ ತಿಳಿಯಲಿ. ಕಾಲಿಗೆ ಮುಳ್ಳು ನಾಟದಿರಲಿ, ತುತ್ತಿನಲ್ಲಿ ಕೂದಲು ಬಾರದಿರಲಿ ಎಂದು ದಿನಾ ಬಸದಿಯಲ್ಲಿ ಬೇಡುತ್ತೇನೆ; ತಂದೆಯಾಗಿ ಹರಸುವ ಹಕ್ಕು ಹೋಯಿತು, ಶ್ರಾವಕನಾಗಿ ಬೇಡಲು ಅಡ್ಡಿಯಿಲ್ಲ.

ಇಂತಿ,
ತಮ್ಮ ಚರಣಸೇವಕ ಶ್ರಾವಕ,
ಅನಂತಪ್ಪ
(ಅಪ್ಪ)

ತಾ.ಕ.: ಭಾನುವಾರ ಬೆಳಿಗ್ಗೆ. ಜೀಪಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟಿದೆ. ಮೇಲಿನದೆಲ್ಲ ಆಮೇಲೆ ಓದು, ಇದನ್ನು ಮೊದಲು ಓದು. ಈ ಪತ್ರ ಕೊಡಲು ಬಂದರೆ ಕರೆವ್ವ, ಅನಸವ್ವ, ಸರಿತಾ ಮೂವರೂ ಜೀಪಿನಲ್ಲಿ ಕುಳಿತಿದ್ದಾರೆ. ಕರೆವ್ವನ ಕೈಯಲ್ಲಿ ತೆಂಗಿನಕಾಯಿ, ಸಕ್ಕರೆ ಪೊಟ್ಟಣ. ಹುಡುಗಿಗೆ ಹಸಿರು ಬಳೆ ತೊಡಿಸಿದ್ದಾರೆ. ಎಲ್ಲಿಗೆ ಎಂದೆ. ಕರೆವ್ವ, "ನೀವ ಹೇಳಿದ್ರೆಲ್ಲರಿ ಅಣ್ಣಾರ, ಉಡಿಯವ್ವನ್ನ ಕೇಳಬೇಕಂತ. ಖರೆ ಮಾತು. ಉಡಿ ದಾಟಿಲ್ಲಂದ್ರ ಇನ್ನೂ ಮಾತಾಜೀನ ಉಡಿಯವ್ವ. ಕೇಳಾಕ ಹೊಂಟೇವ್ರಿ. ಮಾತಾಜಿ ಸಂಸಾರದ ಮಾತ ಆಡೂದಿಲ್ಲಂತ, ಚಿದಾನಂದ ಹೇಳ್ಯಾನ. ಬಾಯಿಲೆ ಹೂಂ ಅನ್ನೂದ ಬ್ಯಾಡ. ಕೂಸ ಅಡ್ಡ ಬಿದ್ದಾಗ ಕೈ ಎತ್ತಿದರ ಸಾಕು, ಅದ ಹೂಂ. ಎತ್ತದಿದ್ರ ಈ ಸಕ್ಕರಿ ಹೊಳೀಗೆ ಹಾಕಿ ಬರತೇನಿ" ಅಂದಳು. ಅವಳು ಹೇಳಿದಂತೆ ಮಾಡುವವಳು, ನಿನಗೂ ಗೊತ್ತು. ಕೇಳಿರಿ ಎಂದು ಹಟ ಹಿಡಿದವನು ನಾನು, ಎಂಥ ಕೆಲಸವಾಯಿತು ನೋಡು. ಹೋದ ವರ್ಷ ನಾನು ದರ್ಶನಕ್ಕೆ ಬಂದಾಗ ಕಂಡಿದ್ದೇನೆ, ಸಾಲಿನಲ್ಲಿ ಯಾರು ಬಾಗಿದರೂ ನಿನ್ನ ಕೈ ತಾನಾಗಿ ಮೇಲೇಳುತ್ತದೆ: ಪರೀಕ್ಷೆ ಪಾಸಾಗಲಿ ಎಂದವನಿಗೂ, ಕೋರ್ಟು ಕೇಸು ಗೆಲ್ಲಲಿ ಎಂದವನಿಗೂ, ಅವನ ಹಿಂದೆಯೇ ನಿಂತಿದ್ದ ಎದುರು ಪಾರ್ಟಿಗೂ. ಅವರು ಎಲ್ಲರಿಗೂ ಎತ್ತುತ್ತಾರೆ ಕರೆವ್ವ, ಅದಕ್ಕೆ ಅರ್ಥವಿಲ್ಲ ಎಂದೆ. "ಯವ್ವಾ, ಮಾತಾಜಿ ಕೈಗೆ ಅರ್ಥ ಇಲ್ಲಂತೀರೇನ್ರಿ?" ಎಂದು ಕಿವಿ ಮುಚ್ಚಿಕೊಂಡಳು. ನಾನೂ ಬರುತ್ತೇನೆ ಎಂದರೆ ಅನಸವ್ವ, ಕಾಕಾ ಹತ್ತಿದರೆ ನಾನು ಇಳಿಯುತ್ತೇನೆ, ಶುಕ್ರವಾರ ಕೇಳದೆಯೇ ಸಕ್ಕರೆ ಹಾಕಿಸುತ್ತೇನೆ ಅನ್ನುತ್ತಾಳೆ. ಹಾಗಾಗಿ ನಾನು ಇಲ್ಲೇ ಉಳಿಯುತ್ತೇನೆ. ಪತ್ರವನ್ನು ದರ್ಶನಕ್ಕೆ ಮುಂಚೆ ಕೊಡು ಎಂದು ಚಿದಾನಂದನ ಕಾಲು ಮುಟ್ಟುವುದೊಂದು ಬಾಕಿ. ಅವನು, ನೋಡ್ತೀನಿ ಕಾಕಾ, ಗದ್ದಲ ಹೆಂಗಿರತೈತೋ ಅನ್ನುತ್ತಾನೆ. ಹಾರ್ನ್ ಹೊಡೆಯುತ್ತಿದ್ದಾನೆ. ನೀನು ಏನೂ ಹೇಳಬೇಡ, ಯಾವ ವ್ರತವನ್ನೂ ಮುರಿಯಬೇಡ. ಉಳಿದವರೆಲ್ಲರಿಗೂ ಎತ್ತು. ಹಸಿರು ಬಳೆಯ ಹುಡುಗಿ ಬಾಗಿದಾಗ ಮಾತ್ರ ಆಶೀರ್ವಾದ ಮಾಡಬೇಡ, ಮಗಳೇ. ಕೈ ಕೆಳಗೇ ಇರಲಿ.